ಮಹಾಲಿಂಗನ ಮೂರು ಗಂಟೆಯ ಫೈನಲ್ಲು

ಮಹಾಲಿಂಗ ಜೀವಮಾನದಲ್ಲಿ ಹೇಳಿದ ಸುಳ್ಳುಗಳೆಲ್ಲ ಹೋಟೆಲಿನವರು ಹೇಳುವಂಥವೇ. ‘ಎರಡು ನಿಮಿಷ ಸಾರ್, ದೋಸೆ ಕಾವಲಿಯ ಮೇಲೆ ಉಂಟು’ ಎನ್ನುವುದು, ‘ಚಟ್ನಿ ಈಗಷ್ಟೇ ರುಬ್ಬಿದ್ದು’ ಎನ್ನುವುದು. ಇಂಥ ಸುಳ್ಳಿಗೆ ಚಿತ್ರಗುಪ್ತ ಕೂಡ ಪೆನ್ನು ಎತ್ತುವುದಿಲ್ಲ. ಆದರೆ ಪುಣೆಯ ಧನಕವಡಿಯ ತನ್ನ ಹೌಸಿಂಗ್ ಸೊಸೈಟಿಯ ಗಣೇಶೋತ್ಸವದ ಮೀಟಿಂಗಿನಲ್ಲಿ ಅವನ ಬಾಯಿಂದ ಬಿದ್ದ ಸುಳ್ಳು ಬೇರೆ ಜಾತಿಯದು. ಅದು ಬೇಲಿಯ ಮೇಲೆ ಹೋಗುತ್ತಿದ್ದ ಹಾವನ್ನು ಕರೆದು ಹೆಗಲಿಗೆ ಹಾಕಿಕೊಳ್ಳುವಂಥದು.

ಅಂದು ಸೆಕ್ರೆಟರಿ ಫಕೀರಪ್ಪನವರು ಕೆಲಸ ಹಂಚುತ್ತಿದ್ದರು. ಗದಗಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಈಗ ಸೊಸೈಟಿಯ ನೀರಿನ ಟ್ಯಾಂಕಿನಿಂದ ಹಿಡಿದು ಗಣಪತಿಯವರೆಗೆ ಎಲ್ಲಕ್ಕೂ ಅವರೇ ಮ್ಯಾನೇಜರು.

“ಮೋದಕಾ ಎಂದಿನಂಗ ರಾಜೀವಿ ಅಕ್ಕಾವರ ಕಡೆ. ಬರಕೋರಿ” ಎಂದರು.

ಮಹಾಲಿಂಗನ ಹೆಂಡತಿ ರಾಜೀವಿ ಎದ್ದು ನಿಂತಳು. “ಮೋದಕ ಮಾಡ್ತೇನೆ. ಮಾಡ್ಲಿಕ್ಕೆ ನನಗೆ ಬೇಜಾರಿಲ್ಲ. ಆದ್ರೆ ವಿಸರ್ಜನೆಯ ದಿನದ ಆರತಿ ಈ ಸರ್ತಿ ನಮಗೆ ಕೊಡಿ.”

ತಲೆಗಳೆಲ್ಲ ಅವಳತ್ತ ತಿರುಗಿದವು. ಆ ಸೊಸೈಟಿಯಲ್ಲಿ ಕೊನೆಯ ಆರತಿಯ ಮಾನ ಹಬ್ಬದ ಕೇರಂ ಪಂದ್ಯದಲ್ಲಿ ಗೆದ್ದ ದಂಪತಿಗೆ ಎಂದು ಹಿಂದಿನಿಂದ ಬಂದ ಪದ್ಧತಿ. ಪದ್ಧತಿ ಏನೋ ಎಲ್ಲರಿಗೂ ಒಂದೇ. ಆದರೆ ಲಿಫ್ಟು ಬರುವುದಕ್ಕೂ ಮುಂಚಿನಿಂದ ಗೆಲ್ಲುತ್ತಿದ್ದವರು ಒಬ್ಬರೇ, ಎರಡನೇ ಮಹಡಿಯ ಘೈಸಾಸ್ ಕಾಕಾ. ಹೀಗಾಗಿ ವರ್ಷ ವರ್ಷವೂ ಬೆಳಗಿನಿಂದ ಹಬೆಯ ಮುಂದೆ ನಿಂತು ಮೋದಕ ಮಾಡುವವಳು ರಾಜೀವಿ, ಸಂಜೆ ರೇಷ್ಮೆ ಸೀರೆಯುಟ್ಟು ಆರತಿಯ ತಟ್ಟೆ ಹಿಡಿಯುವವರು ಅವರ ಹೆಂಡತಿ ಘೈಸಾಸ್ ಕಾಕೂ. ಸೆರಗಿನಲ್ಲಿ ಬೆವರು ಒರೆಸಿಕೊಂಡು ಹಿಂದಿನ ಸಾಲಿನಲ್ಲಿ ನಿಲ್ಲುವ ರಾಜೀವಿಗೆ ಗಣಪತಿಯ ಕಿರೀಟದ ತುದಿ ಮಾತ್ರ ಕಾಣುತ್ತಿತ್ತು.

ಘೈಸಾಸ್ ಕಾಕಾ ಮರಾಠಿಯಲ್ಲಿ, ಸಣ್ಣ ಧ್ವನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು: “ವಹಿನಿ, ಮಾನ ಅನ್ನುವುದು ಕೇಳಿ ತೆಗೆದುಕೊಳ್ಳುವುದಲ್ಲ. ಗೆದ್ದು ತೆಗೆದುಕೊಳ್ಳುವುದು.”

ನಾಲ್ಕು ಜನ ನಕ್ಕರು. ರಾಜೀವಿಯ ಮುಖ ಕೆಂಪಾಯಿತು. ಹಿಂದಿನ ಕುರ್ಚಿಯಲ್ಲಿ ಗ್ಯಾಸ್ ಸಿಲಿಂಡರಿನ ಚಿಂತೆಯಲ್ಲಿದ್ದ ಮಹಾಲಿಂಗನ ಪಕ್ಕೆಗೆ ಅವಳ ಮೊಣಕೈ ಬಂದು ತಿವಿಯಿತು. ಅವನು ಎದ್ದ. ಎದ್ದ ಮೇಲೆ ಏನಾದರೂ ಹೇಳಲೇಬೇಕಲ್ಲ?

“ನಾನೂ ಆಡ್ತೇನೆ. ಕಾಲೇಜಿನಲ್ಲಿ ನಾನಿಲ್ಲದೆ ಕೇರಂ ಆಟವೇ ಶುರುವಾಗ್ತಾ ಇರ್ಲಿಲ್ಲ” ಎಂದುಬಿಟ್ಟ.

ಬೋರ್ಡಿಗೆ ಉದುರಿಸುವ ಪೌಡರಿನ ಡಬ್ಬ ಅವನ ಬಳಿ ಇರುತ್ತಿತ್ತು ಎಂಬ ವಿವರವನ್ನು ಅವನು ಸೇರಿಸಲಿಲ್ಲ.

ಫಕೀರಪ್ಪನವರು ಕನ್ನಡಕ ಏರಿಸಿ ನೋಡಿದರು. “ಏನ್ರಿ ಮಹಾಲಿಂಗಣ್ಣ, ಇಷ್ಟ ದಿನ ಬಚ್ಚಿಟ್ಟಿದ್ರಲ್ರಿ!” ಎಂದು ಹೆಸರು ಬರೆದುಕೊಂಡರು. ಹೆಸರು ಬರೆದಾದ ಮೇಲೆ ಮುಗಿಯಿತು. ಪುಣೆಯಲ್ಲಿ ಹೆಣ್ಣು ಕೊಡುತ್ತೇವೆಂದ ಮಾತಾದರೂ ತಪ್ಪಬಹುದು, ಗಣೇಶ ಮಂಡಳದ ಪಟ್ಟಿಗೆ ಹೋದ ಹೆಸರು ಅಳಿಸಲು ಬರುವುದಿಲ್ಲ.

ಮೊದಲ ಪಂದ್ಯ ಸಾತ್ವಿಕನ ಜೊತೆ. ಮೈಸೂರಿನ ಹುಡುಗ, ಐಟಿ ಕಂಪನಿಯ ಕೆಲಸ, ಆಫೀಸಿನಲ್ಲಿ ದಿನವೂ ಆಡಿ ಪಳಗಿದ ಬೆರಳು. ಅವನು ಮೊದಲ ಏಟಿಗೇ ಎರಡು ಕಾಯಿ ಪಾಕೆಟ್ಟಿಗೆ ಹಾಕಿದ. ಮಹಾಲಿಂಗನಿಗೆ ಎದುರು ಕೂತವರು ಏನನ್ನಾದರೂ ಮುಗಿಸಿದರೆ ತಾನಾಗಿಯೇ ಬರುವ ಮಾತೊಂದಿತ್ತು. ಬಿಬವೇವಾಡಿಯ ತನ್ನ ಎಂಟು ಮೇಜಿನ ಹೋಟೆಲಿನಲ್ಲಿ ದಿನಕ್ಕೆ ನೂರಾರು ಸಲ ಹೇಳುವ ಮಾತು. ಅದನ್ನೇ ಹೇಳಿದ, ಮೆತ್ತಗೆ, ನಗುನಗುತ್ತ:

“ಆಣಖೀ ಕಾಯ್?”

ಇನ್ನೇನು ಬೇಕು ಎಂದು ಮರಾಠಿಯಲ್ಲಿ ಕೇಳಿದ್ದು ಅಷ್ಟೇ. ಸಾತ್ವಿಕ ತಲೆಯೆತ್ತಿದ. ಮುಂದಿನ ಏಟು ಗುರಿ ತಪ್ಪಿತು.

ಈಗ ಮಹಾಲಿಂಗನ ಸರದಿ. ಅವನು ಕೂತದ್ದು ಕೇರಂ ಬೋರ್ಡಿನ ಮುಂದೆಯಾದರೂ ಅವನ ಕೈಗೆ ಅದು ಮೇಜು. ಮೇಲೆ ಬಿಳಿ ಪುಡಿ ಬಿದ್ದಿದೆ. ಹೆಗಲ ಮೇಲಿನ ಬಟ್ಟೆ ತೆಗೆದು ಅಂಚನ್ನು ಒರೆಸಿದ. ಆಮೇಲೆ ಆಚೆಯ ಅಂಚನ್ನೂ ಒರೆಸಿದ. ಸಾತ್ವಿಕ ಮೊಣಕೈ ಎತ್ತಬೇಕಾಯಿತು. ಆಮೇಲೆ ಹೊಡೆದ. ಕಾಯಿ ಬೀಳಲಿಲ್ಲ. ಹೆಚ್ಚುಕಡಿಮೆ ಪ್ರತಿ ಸರದಿಗೂ ಇದೇ ಕಥೆ: ಒರೆಸುವುದು, ಹೊಡೆಯುವುದು, ತಪ್ಪುವುದು. ಎದುರಿನವನು ಒಂದು ಕಾಯಿ ಹಾಕಿದನೋ, ‘ಆಣಖೀ ಕಾಯ್?’ ಅರ್ಧ ಗಂಟೆಯಲ್ಲಿ ಸಾತ್ವಿಕನ ಕಿವಿ ಕೆಂಪಾಗಿ, ಸುಲಭದ ಕಾಯಿಗಳೆಲ್ಲ ಪಾಕೆಟ್ಟಿನ ಬಾಯಲ್ಲಿ ನಿಂತವು. ಅಷ್ಟರಲ್ಲಿ ಮಹಾಲಿಂಗನ ಕಾಯಿಗಳು ಹೇಗೋ ಒಂದೊಂದಾಗಿ ಬಿದ್ದು ಮುಗಿದವು. ಅವನು ಎದ್ದು ಹೋಗುವಾಗ ಮಹಾಲಿಂಗನಿಗೆ ತಾನು ಗೆದ್ದದ್ದು ಗೊತ್ತಾಗಲಿಲ್ಲ. ಗಿರಾಕಿ ಕಾಫಿ ಕುಡಿಯದೆ ಹೊರಟನಲ್ಲ ಎಂದು ಬೇಸರವಾಯಿತು.

ಸಾತ್ವಿಕನ ಜೊತೆಗೇ ಕೆಲಸ ಮಾಡುವ ಹರ್ಷಿತಾ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಓಡಿ ಬಂದು, “ಅಂಕಲ್, ಇದು ಟೋಟಲಿ ಮೈಂಡ್ ಗೇಮ್! ಆ ಬಟ್ಟೇಲಿ ಒರೆಸೋದು ಇದ್ಯಲ್ಲ, ಅವ್ನ ರಿದಮ್ಮೇ ಹೊರಟೋಯ್ತು. ಎಲ್ಲಿ ಟ್ರೈನಿಂಗ್ ತಗೊಂಡ್ರಿ?” ಎಂದಳು.

“ಟ್ರೈನಿಂಗ್ ಎಂತದು ಮಾರಾಯ್ತಿ, ಅಭ್ಯಾಸ” ಎಂದ ಮಹಾಲಿಂಗ.

“ನೋಡಿ, ಎಷ್ಟು ಹಂಬಲ್!” ಎಂದು ಹರ್ಷಿತಾ ಅಂದೇ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅವನ ಗುಣಗಾನ ಬರೆದು ಹಾಕಿದಳು. ಅಲ್ಲಿಂದ ಮುಂದೆ ಅವನೆದುರು ಕೂತವರು ಕೂರುವ ಮುಂಚೆಯೇ ಅರ್ಧ ಸೋತಿರುತ್ತಿದ್ದರು. ಒಬ್ಬರು ಅವನು ಬಟ್ಟೆ ಎತ್ತಿದ ಕೂಡಲೇ ಬೆವರಿದರು. ಇನ್ನೊಬ್ಬರು ಕಾಯಿ ಹಾಕಿದ ಮೇಲೆ ಅವನು ‘ಆಣಖೀ ಕಾಯ್’ ಎನ್ನುತ್ತಾನೆಂದು ಕಾದರು. ಅವನು ಯಾವುದೋ ಯೋಚನೆಯಲ್ಲಿ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೆ ಅವರ ಎದೆ ಇನ್ನಷ್ಟು ಧಸಕ್ಕೆಂದಿತು. ಒಂದು ಸಲವೂ ಒಂದೇ ಏಟಿಗೆ ಎರಡು ಕಾಯಿ ಹಾಕದ ಮನುಷ್ಯ ಫೈನಲ್ಲಿಗೆ ಬಂದು ಕೂತ. ಇಂಥದು ಲೋಕದಲ್ಲಿ ನಡೆಯುತ್ತದೆ. ಹೇಗೆ ಎಂದು ಕೇಳಬಾರದು, ಕೈಮುಗಿಯಬೇಕು.

ಫೈನಲ್ಲಿನಲ್ಲಿ ಎದುರಾಳಿ ಘೈಸಾಸ್ ಕಾಕಾ. ಅವರ ಆಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ಬಂದೀತು. ಕಾಕಾ ಸ್ಟ್ರೈಕರ್ ಮುಟ್ಟಿದರೆಂದರೆ ಕಾಯಿ ತಾನೇ ದಾರಿ ಕೇಳಿಕೊಂಡು ಪಾಕೆಟ್ಟಿಗೆ ಹೋಗುತ್ತಿತ್ತು. ತಪ್ಪು ಏಟು ಎಂಬುದನ್ನು ಅವರು ಬೇರೆಯವರ ಕೈಯಲ್ಲಿ ಮಾತ್ರ ನೋಡಿದ್ದರು. ಶಬ್ದವಿಲ್ಲ, ಅವಸರವಿಲ್ಲ, ಹುಬ್ಬು ಕೂಡ ಅಲುಗುವುದಿಲ್ಲ. ಸೋತವರು ಕೂಡ ನೋಡುತ್ತ ಬಾಯಿ ತೆರೆದುಕೊಂಡು ಕೂರುತ್ತಿದ್ದರು.

ವಿಸರ್ಜನೆ ಏಳನೆಯ ದಿನ, ಭಾನುವಾರ. ಅಂದೇ ಫೈನಲ್, ಸಂಜೆ ಆರತಿ. ಕೆಲವು ದಿನ ಮುಂಚೆಯೇ ಫಕೀರಪ್ಪನವರು ಇಬ್ಬರನ್ನೂ ಎಲ್ಲರೆದುರು ಕೂರಿಸಿ, “ಹೊಸದಾಗಿ ಬಂದ ಆಟಗಾರರಿಗೆ ಮೊದಲ ಕೇಳೋದು ನಮ್ಮ ರೂಢಿ. ಮಹಾಲಿಂಗಣ್ಣ, ಎಷ್ಟ್ ಗಂಟೆಕ್ಕ ಇಡೋಣು?” ಎಂದರು.

ಮಹಾಲಿಂಗ ಮನಸ್ಸಿನಲ್ಲೇ ಹೋಟೆಲು ನಡೆಸಿ ನೋಡಿದ. ಬೆಳಗ್ಗೆ ತಿಂಡಿ, ಹನ್ನೆರಡರಿಂದ ಊಟ, ನಾಲ್ಕೂವರೆಯಿಂದ ಕಾಫಿ. “ಮೂರು ಗಂಟೆಗೆ” ಎಂದ.

ಯಾರದೋ ಕೈಯಿಂದ ಸ್ಟೀಲಿನ ಲೋಟ ಬಿದ್ದು ಉರುಳಿತು.

ವಿಷಯ ಇಷ್ಟೇ. ಪುಣೆಯ ಹಳೆಯ ಮನೆತನದವರಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ನಿದ್ದೆ ಸ್ನಾನ ಸಂಧ್ಯೆಯಷ್ಟೇ ದೊಡ್ಡದು. ಎಡಮಗ್ಗುಲಾಗಿ ಮಲಗುವ ಅದಕ್ಕೆ ‘ವಾಮಕುಕ್ಷಿ’ ಎಂದು ಸಂಸ್ಕೃತದಲ್ಲಿ ಹೆಸರೂ ಇದೆ. ಘೈಸಾಸ್ ಕಾಕಾ ಈ ವ್ರತವನ್ನು ಬುದ್ಧಿ ತಿಳಿದಾಗಿನಿಂದ ಬಿಟ್ಟವರಲ್ಲ. ಅವರ ಬಾಗಿಲ ಮೇಲೆ ಒಂದು ಫಲಕ: ‘ಒಂದರಿಂದ ನಾಲ್ಕರವರೆಗೆ ಬೆಲ್ ಒತ್ತಬಾರದು. ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ದಳಕ್ಕೆ ತಿಳಿಸಿ, ನಮಗಲ್ಲ.’ ಒಮ್ಮೆ ಅವರ ಸ್ವಂತ ಅಳಿಯ ರೈಲಿಳಿದು ಬಂದವನು ಮೆಟ್ಟಿಲ ಮೇಲೆ ನಾಲ್ಕು ಗಂಟೆಯವರೆಗೆ ಕೂತಿದ್ದನಂತೆ. ಅಂಥವರನ್ನು ಮೂರು ಗಂಟೆಗೆ ಆಟಕ್ಕೆ ಕರೆಯುವುದೆಂದರೆ!

ಕಾಕಾ ಮಹಾಲಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೇಡ ಎಂದರೆ ಹೆದರಿದಂತಾಗುತ್ತದೆ. “ಚಾಲೇಲ್” ಎಂದರು. ಆಗಲಿ ಎಂದರ್ಥ.

ಹೊರಗೆ ಬಂದ ಮೇಲೆ ಫಕೀರಪ್ಪನವರು ಮಹಾಲಿಂಗನ ಕೈ ಹಿಡಿದುಕೊಂಡರು. “ಏನ್ ತಲಿರೀ ನಿಮ್ದು! ನಾವು ಇಷ್ಟು ವರ್ಷ ಅವರ ಬೆರಳ ನೋಡ್ಕೋತ ಕುಂತ್ವಿ. ನೀವು ಕಣ್ಣಿಗೇ ಕೈ ಹಾಕಿದ್ರಿ. ಭಾಳ ದೊಡ್ಡ ಮನಷ್ಯಾ ಅದೀರಿ.”

ಆಗ ಮಹಾಲಿಂಗನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಹಿರಿಯರ ನಿದ್ದೆ ಕೆಡಿಸಿದ ಪಾಪ ಎಲ್ಲಿ ತೊಳೆದುಕೊಳ್ಳುವುದು? ಕೂಡಲೇ ಎರಡನೇ ಮಹಡಿಗೆ ಓಡಿದ. “ಕಾಕಾ, ಬೇಕಾದ್ರೆ ಸಂಜೆ ಆಡುವ. ನಾನು ಹೋಟೆಲಿಗೆ ಬೇರೆ ಯಾರನ್ನಾದ್ರೂ ಇಡ್ತೇನೆ” ಎಂದು ತನ್ನ ಮರಾಠಿಯಲ್ಲಿ ಬೇಡಿಕೊಂಡ.

ಕಾಕಾ ಎದ್ದು ನಿಂತರು. “ನನಗೆ ಯಾರ ದಯೆಯೂ ಬೇಡ” ಎಂದು ಬಾಗಿಲು ಹಾಕಿಕೊಂಡರು.

ಅವನು ಮೆಟ್ಟಿಲಿಳಿಯುವ ಮೊದಲೇ ಈ ಸುದ್ದಿ ಹರ್ಷಿತಾಗೆ ಮುಟ್ಟಿತ್ತು. “ಅಂಕಲ್! ಮೊದ್ಲು ಹೊಡೆದು, ಆಮೇಲೆ ಸಿಂಪಥಿ ತೋರ್ಸೋದು! ಅವ್ರ ಕಾನ್ಫಿಡೆನ್ಸ್ ಪೂರ್ತಿ ಫಿನಿಶ್. ಇದನ್ನ ನಮ್ ಕಂಪನೀಲಿ ಕಲ್ಸೋಕೆ ಲಕ್ಷಗಟ್ಲೆ ತಗೋತಾರೆ!” ಮಹಾಲಿಂಗ ಹಣೆ ಚಚ್ಚಿಕೊಂಡ. ಅದನ್ನು ಕಂಡವರು, ನೋಡಿ, ಈಗಲೂ ಏನೋ ಲೆಕ್ಕ ಹಾಕುತ್ತಿದ್ದಾನೆ ಎಂದರು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಘೈಸಾಸ್ ಕಾಕಾ ಅಂಗಳದಲ್ಲಿ ಕಾಣಿಸಿಕೊಂಡರು. ಎಚ್ಚರವಾಗಿರುವ ಅಭ್ಯಾಸ ನಡೆಸಿದ್ದರು. ಜನ ಬಾಲ್ಕನಿಗೆ ಬಂದು ಗ್ರಹಣ ನೋಡುವಂತೆ ನೋಡಿದರು. ಕಾಕಾ ಕೂಡ ಬೆರಗಾಗಿದ್ದರು. ಹೊಸ ಊರಿಗೆ ಬಂದವರ ಹಾಗೆ ಕತ್ತೆತ್ತಿ ಸುತ್ತ ನೋಡಿ, “ಈ ಬೇವಿನ ಮರದ ನೆರಳು ಈ ಹೊತ್ತಿಗೆ ಇಲ್ಲಿ ಬೀಳುತ್ತದೆಯೇ?” ಎಂದು ವಾಚ್‌ಮನ್‌ನನ್ನು ಕೇಳಿದರು. ವಾಚ್‌ಮನ್ ಉತ್ತರ ಕೊಡಲಿಲ್ಲ, ಪಾಪ, ಅವನೂ ನಿದ್ದೆಯಲ್ಲಿದ್ದ. ಮಹಾಲಿಂಗ ಅದನ್ನು ಕಿಟಕಿಯಿಂದ ಕಂಡು, “ರಾಜೀವಿ, ನಾನು ಸೋತು ಬಿಡ್ತೇನೆ ಮಾರಾಯ್ತಿ. ಆ ಮುದುಕರ ಕಣ್ಣು ನೋಡ್ಲಿಕ್ಕಾಗುದಿಲ್ಲ” ಎಂದ.

ರಾಜೀವಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. “ಹದಿನೈದು ವರ್ಷ ನನ್ನ ಬೆನ್ನು ನೋಡಿದ್ದೀರಾ? ಆ ಹಬೆಯಲ್ಲಿ? ನನಗೆ ಒಂದು ಸರ್ತಿ ದೇವರನ್ನು ಎದುರಿಂದ ನೋಡ್ಬೇಕು” ಎಂದಳು. ಅಷ್ಟೇ ಹೇಳಿದಳು. ಸೋಲುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಭಾನುವಾರ ಮೂರಕ್ಕೆ ಕ್ಲಬ್ ರೂಮು ತುಂಬಿ ಬಾಗಿಲಾಚೆಗೂ ಜನ. ಅಂಪೈರ್ ಫಕೀರಪ್ಪನವರೇ. ಮೂರು ಆಟ, ಎರಡು ಗೆದ್ದವರಿಗೆ ಆರತಿ. ಮೊದಲ ಆಟ ಮುಗಿದದ್ದೇ ಗೊತ್ತಾಗಲಿಲ್ಲ. ಕಾಕಾ ಕಪ್ಪು ಕಾಯಿಗಳನ್ನು ಮೊಸರಿನಿಂದ ಕೂದಲು ತೆಗೆದ ಹಾಗೆ ಒಂದೊಂದಾಗಿ ತೆಗೆದರು, ಕೆಂಪು ರಾಣಿಯನ್ನೂ ಹಾಕಿದರು. ಮಹಾಲಿಂಗ ಎರಡು ಸಲ ಬೋರ್ಡು ಒರೆಸಿದ, ಅಷ್ಟೇ ಅವನ ಪಾಲು.

ಎರಡನೇ ಆಟದ ನಡುವೆ ಅದು ಆಯಿತು. ಕಾಕಾ ಸ್ಟ್ರೈಕರ್ ಇಟ್ಟರು, ಬೆರಳು ಮಡಚಿದರು, ಹೊಡೆಯಲಿಲ್ಲ. ಎಲ್ಲರೂ ಕಾದರು. ಕಾಕಾರ ಗದ್ದ ಮೆಲ್ಲಗೆ ಎದೆಗೆ ತಾಗಿತು. ಸಣ್ಣದೊಂದು ಗೊರಕೆ ಕೇಳಿಸಿತು.

“ಎಬ್ಬಸ್ರಿ” ಎಂದು ಯಾರೋ ಪಿಸುಗುಟ್ಟಿದರು.

“ನಾಲ್ಕರ ಮುಂಚೆ ಅವರನ್ನ ಎಬ್ಬಿಸಿ ಉಳಿದವರ ಅದಾರೇನ್ರಿ?” ಎಂದು ಫಕೀರಪ್ಪನವರೂ ಪಿಸುಗುಟ್ಟಿದರು. ಕಾಕೂ ಕಡೆ ನೋಡಿದರು. ಕಾಕೂ ಎರಡೂ ಕೈ ಎತ್ತಿ ಬೇಡಪ್ಪಾ ಬೇಡ ಎಂದರು. ನಿಯಮದ ಪ್ರಕಾರ ಹೊತ್ತು ಮೀರಿದರೆ ಸರದಿ ಎದುರಿನವನಿಗೆ. ಮಹಾಲಿಂಗ ಹೊಡೆದ, ತಪ್ಪಿತು. ಕಾಕಾರ ಸರದಿ, ಗೊರಕೆ. ಮತ್ತೆ ಮಹಾಲಿಂಗ, ಮತ್ತೆ ತಪ್ಪಿತು. ಲೋಕದ ಅತ್ಯಂತ ಕೆಟ್ಟ ಆಟಗಾರ ಲೋಕದ ಅತ್ಯಂತ ಒಳ್ಳೆಯ ಆಟಗಾರನ ವಿರುದ್ಧ ಒಂದೊಂದೇ ಕಾಯಿ ಹಾಕುತ್ತಿರುವುದನ್ನು ಐವತ್ತು ಜನ ಉಸಿರು ಬಿಗಿಹಿಡಿದು ನೋಡಿದರು. ಬೀದಿಯಲ್ಲಿ ಢೋಲು ತಾಶಾದ ಮೆರವಣಿಗೆಯೊಂದು ಹೋಯಿತು, ಕಿಟಕಿಯ ಗಾಜು ಅದುರಿತು, ಕಾಕಾರ ರೆಪ್ಪೆ ಅದುರಲಿಲ್ಲ. ಕೊನೆಗೂ ಮಹಾಲಿಂಗನ ಕಾಯಿಗಳು ಮುಗಿದವು. ಒಂದಕ್ಕೆ ಒಂದು ಸಮ. ಜನ ಚಪ್ಪಾಳೆಯನ್ನು ಸದ್ದಿಲ್ಲದೆ ಗಾಳಿಯಲ್ಲಿ ತಟ್ಟಿದರು.

ಮೂರನೇ ಆಟಕ್ಕೆ ಕಾಯಿ ಜೋಡಿಸುವ ಸದ್ದಿಗೆ ಕಾಕಾ ತಾವೇ ಎಚ್ಚೆತ್ತರು. ಆದದ್ದನ್ನು ಎಲ್ಲರ ಮುಖದಲ್ಲಿ ಓದಿಕೊಂಡರು. ಮುಖಕ್ಕೆ ನೀರು ಚಿಮುಕಿಸಿಕೊಂಡು ಬಂದು ಆಡಿದರು ನೋಡಿ, ಹಾಗೆ ಅವರು ಹಿಂದೆಂದೂ ಆಡಿರಲಿಲ್ಲ. ರಾಣಿ ಹೋಯಿತು, ಎಂಟು ಕಪ್ಪು ಹೋದವು. ಉಳಿದದ್ದು ಒಂದು ಕಪ್ಪು, ಪಾಕೆಟ್ಟಿನ ಬಾಯಲ್ಲೇ. ಕಾಕಾ ಸ್ಟ್ರೈಕರ್ ಇಟ್ಟರು. ಗದ್ದ ಮತ್ತೆ ಎದೆಗೆ ಬಂತು.

ಮಹಾಲಿಂಗನ ಒಂಬತ್ತು ಬಿಳಿ ಕಾಯಿಗಳೂ ಬೋರ್ಡಿನ ಮೇಲಿದ್ದವು. ಗೋಡೆಯ ಗಡಿಯಾರ ನಾಲ್ಕರ ಕಡೆಗೆ ಹೊರಟಿತ್ತು. ನಾಲ್ಕಕ್ಕೆ ಕಾಕಾ ಏಳುವುದು ಸೂರ್ಯ ಏಳುವಷ್ಟೇ ಖಚಿತ. ಅವನು ಒರೆಸಿದ, ಹೊಡೆದ, ಒರೆಸಿದ, ಹೊಡೆದ. ಬೆವರು ಬೋರ್ಡಿನ ಮೇಲೆ ಬಿತ್ತು, ಅದನ್ನೂ ಒರೆಸಿದ. ತಪ್ಪಿದ ಏಟಿಗೆ ನಾಚಲಿಲ್ಲ, ಬಿದ್ದ ಕಾಯಿಗೆ ಹಿಗ್ಗಲಿಲ್ಲ. ಭಾನುವಾರದ ನೂಕುನುಗ್ಗಲಿನಲ್ಲಿ ಒಂದು ಮೇಜಾದ ಮೇಲೆ ಇನ್ನೊಂದು ಮೇಜು ನೋಡುವ ಹಾಗೆ ನೋಡುತ್ತ ಹೋದ. ಒಂದೇ ಒಂದು ಬಿಳಿ ಉಳಿಯಿತು. ನಾಲ್ಕಕ್ಕೆ ಐದು ನಿಮಿಷ. ಅವನು ಹೊಡೆದ. ಬಿಳಿ ಕಾಯಿ ಪಾಕೆಟ್ಟಿನ ತುಟಿಗೆ ಹೋಗಿ ನಿಂತುಬಿಟ್ಟಿತು. ಜನರ ಬಾಯಿಂದ ಒಂದು ನಿಟ್ಟುಸಿರು ಬಂತು. ಸರದಿ ಮತ್ತೆ ಕಾಕಾರದು.

ಮಹಾಲಿಂಗ ತಲೆಯೆತ್ತಿದ. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಕೇರಂ ಕಾಣಲಿಲ್ಲ, ಫೈನಲ್ ಕಾಣಲಿಲ್ಲ. ಮೇಜಿನ ಆಚೆ ಒಬ್ಬ ಹಿರಿಯರು ಕೂತಲ್ಲೇ ನಿದ್ದೆ ಹೋಗಿದ್ದರು. ಹೋಟೆಲಿನಲ್ಲಿ ಹೀಗಾದರೆ ಏನು ಮಾಡುತ್ತಾನೋ ಅದನ್ನೇ ಅವನ ಕೈ ಮಾಡಿತು. ಬೆರಳ ಗೆಣ್ಣಿನಿಂದ ಮರದ ಅಂಚನ್ನು ಟಕಟಕ ತಟ್ಟಿ, ತುಂಬಾ ಪ್ರೀತಿಯಿಂದ ಕೇಳಿದ:

“ಕಾಕಾ, ಆಣಖೀ ಕಾಯ್?”

ರೂಮಿನಲ್ಲಿ ಒಬ್ಬ ಹೆಂಗಸು ಸಣ್ಣಗೆ ಚೀರಿದಳು. ಫಕೀರಪ್ಪನವರು ಕಣ್ಣು ಮುಚ್ಚಿಕೊಂಡರು.

ಕಾಕಾ ಕಣ್ಣು ತೆರೆದರು. ಆ ಕಣ್ಣುಗಳು ಇನ್ನೂ ಎಲ್ಲೋ ದೂರದಲ್ಲಿದ್ದವು. ಆದರೆ ಬೆರಳಿಗೆ ನಿದ್ದೆಯಿರಲಿಲ್ಲ. ಕಂಡದ್ದು ಒಂದು ಕಾಯಿ, ಪಾಕೆಟ್ಟಿನ ತುಟಿಯಲ್ಲಿ. ಸ್ಟ್ರೈಕರ್ ಹೊರಟಿತು. ಎಡ ಗೋಡೆಗೆ ತಾಗಿ, ಎದುರಿನ ಗೋಡೆಗೆ ತಾಗಿ, ಉಳಿದ ಇನ್ನೊಂದು ಕಾಯಿಯನ್ನು ಮುಟ್ಟದೆ ತಿರುಗಿ ಬಂದು, ಹೂವು ಇಡುವಷ್ಟು ಮೆತ್ತಗೆ ಆ ಕಾಯಿಯನ್ನು ಪಾಕೆಟ್ಟಿಗೆ ಇಳಿಸಿತು. ಆ ಸೊಸೈಟಿಯಲ್ಲಿ ಅಂಥ ಏಟನ್ನು ಯಾರೂ ಕಂಡಿರಲಿಲ್ಲ. ಇನ್ನು ಕಾಣುವುದೂ ಇಲ್ಲ.

ಕಾಯಿ ಮಾತ್ರ ಬಿಳಿಯದು. ಮಹಾಲಿಂಗನದು.

ಫಕೀರಪ್ಪನವರು ಕಣ್ಣು ತೆರೆದು ಬೋರ್ಡಿನ ಮೇಲೆ ಬಗ್ಗಿ ನೋಡಿದರು. “ಎದುರಾಳಿ ಕೊನೇ ಕಾಯಿ ನಾವ ಹಾಕಿದ್ರ, ಆಟ ಎದುರಾಳಿದು. ನಿಯಮ ಅದರೀ... ಮಹಾಲಿಂಗಣ್ಣ ಗೆದ್ರು.”

“ಅಂಕಲ್!” ಹರ್ಷಿತಾಗೆ ಅಳುವೇ ಬಂದಿತ್ತು. “ಪೂರ್ತಿ ನಿದ್ದೇನೂ ಅಲ್ಲ, ಪೂರ್ತಿ ಎಚ್ಚರಾನೂ ಅಲ್ಲ, ಕರೆಕ್ಟಾಗಿ ಅರ್ಧದಲ್ಲಿ ಎಬ್ಬಿಸಿದ್ರಲ್ಲ! ಹೇಗೆ ಅಂಕಲ್, ಹೇಗೆ?”

ಘೈಸಾಸ್ ಕಾಕಾ ಪಾಕೆಟ್ಟಿನಿಂದ ಬಿಳಿ ಕಾಯಿಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಹಾಲಿಂಗನ ಕಡೆ ತಿರುಗಿ ಕೈಮುಗಿದರು. “ನನ್ನ ಏಟಿನಿಂದಲೇ ನನ್ನನ್ನು ಸೋಲಿಸಿದೆ. ಇಂಥವನು ಇದೇ ಮೆಟ್ಟಿಲು ಹತ್ತಿಳಿಯುತ್ತಿದ್ದ, ನನಗೆ ಗೊತ್ತೇ ಇರಲಿಲ್ಲವಲ್ಲ!” ಎಂದರು. ಆಗ ಗಡಿಯಾರ ನಾಲ್ಕು ಹೊಡೆಯಿತು.

ಸಂಜೆ ಗಣಪತಿಯ ಮುಂದೆ ಜನ ದಾರಿ ಬಿಟ್ಟು ನಿಂತರು. ರಾಜೀವಿ ಮದುವೆಯ ಸೀರೆ ಉಟ್ಟಿದ್ದಳು. ಘೈಸಾಸ್ ಕಾಕೂ ತಾವೇ ಬಂದು ಅವಳ ಕೈಗೆ ತಟ್ಟೆ ಕೊಟ್ಟು, ಬತ್ತಿ ಸರಿಮಾಡಿದರು. ತಾಳ ಜಾಗಟೆ ಶುರುವಾಗುವ ಮುಂಚೆ, ಅವಳ ಪಕ್ಕದಲ್ಲಿ ನಿಂತಿದ್ದ ಮಹಾಲಿಂಗ ತಡೆಯಲಾರದೆ ಪಿಸುಗುಟ್ಟಿದ.

“ರಾಜೀವಿ, ದೇವರೆದುರು ಸುಳ್ಳು ಹೇಳ್ಬಾರದು. ನಾನು ತಂತ್ರ ಗಿಂತ್ರ ಎಂತ ಸಾ ಮಾಡ್ಲಿಲ್ಲ. ಮೂರು ಗಂಟೆ ಅಂದದ್ದು ಹೋಟೆಲು ಖಾಲಿ ಇರ್ತದೆ ಅಂತ.”

“ಗೊತ್ತುಂಟು” ಎಂದಳು ರಾಜೀವಿ, ದೀಪದಿಂದ ಕಣ್ಣು ತೆಗೆಯದೆ. “ಯಾರು ಕೇಳಿದ್ರೂ ನೀವು ಮೂರು ಗಂಟೆಯೇ ಹೇಳುದು. ಅದಕ್ಕೇ ಅಲ್ವಾ ಮೀಟಿಂಗಿನಲ್ಲಿ ಮೊಣಕೈಯಿಂದ ತಿವಿದದ್ದು.”

ಮಹಾಲಿಂಗ ಅವಳತ್ತ ತಿರುಗಿದ. “ಫೈನಲಿಗೆ ಬರ್ತೇನೆ ಅಂತ ನಿನಗೆ ಹೇಗೆ ಗೊತ್ತು?”

“ನೀವು ಬಟ್ಟೆ ಹಿಡ್ಕೊಂಡು ಇನ್ನೇನು ಬೇಕು ಅಂತ ಕೇಳಿದ್ರೆ ಎದುರಿಗೆ ಯಾವ ಗಿರಾಕಿ ಹೆಚ್ಚು ಹೊತ್ತು ಕೂತಿದ್ದಾನೆ ಹೇಳಿ? ನಾನು ಎಷ್ಟು ವರ್ಷದಿಂದ ನೋಡುದಿಲ್ವಾ?” ಎಂದಳು. ಆಮೇಲೆ ಧ್ವನಿ ಇನ್ನೂ ತಗ್ಗಿಸಿ, “ಇವತ್ತು ಹನ್ನೆರಡೂವರೆಗೆ ಕಾಕಾನಿಗೆ ಪ್ರಸಾದ ಅಂತ ನಾಲ್ಕು ಹೋಳಿಗೆ ಕಳಿಸಿದ್ದೆ. ತುಪ್ಪ ಹಾಕಿ. ಪ್ರಸಾದ ಬೇಡ ಅನ್ನುವ ಹಾಗಿಲ್ಲ ಅಲ್ವಾ, ಪಾಪ.”

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀವು ಹೋಗಿ ಅವರ ಕಾಲು ಹಿಡಿದು ಎಲ್ಲ ಒಪ್ಪಿಕೊಂಡು ಬರ್ತಿದ್ರಿ. ಆದ್ರೆ ಕೊನೆಗೆ ತಟ್ಟಿ ಎಬ್ಬಿಸಿದ್ರಲ್ಲ, ಅದು ನನ್ನ ಲೆಕ್ಕದಲ್ಲಿ ಇರ್ಲಿಲ್ಲ. ಅದು ನಿಮ್ಮದೇ.” ಅವಳು ಅದನ್ನು ಹೇಳುವಾಗ ಸ್ವಲ್ಪ ನಕ್ಕಳು.

ಜಾಗಟೆ ಮೊಳಗಿತು. ಐವತ್ತು ಕಂಠಗಳು ಆರತಿ ಎತ್ತಿದವು. ದೀಪದ ಬೆಳಕಿನಲ್ಲಿ ರಾಜೀವಿಯ ಮುಖ, ಮೂಗುತಿ, ಬೆವರಿಲ್ಲದ ಹಣೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ಇಂಥ ಒಂದು ಮಹಾಶಕ್ತಿ ತನ್ನ ಅಡುಗೆಮನೆಯಲ್ಲಿತ್ತು ಎಂದು ಮಹಾಲಿಂಗನಿಗೆ ತಿಳಿದಿರಲಿಲ್ಲ. ಅವನ ಮೈ ಜುಮ್ಮೆಂದಿತು, ಕಣ್ಣು ತುಂಬಿತು, ಎರಡೂ ಕೈ ತಾವಾಗಿಯೇ ಕೂಡಿಕೊಂಡವು.

ರಾಜೀವಿ ತಟ್ಟೆ ಬೆಳಗುತ್ತಲೇ ಓರೆಗಣ್ಣಿನಲ್ಲಿ ನೋಡಿ ಗದರಿದಳು.

“ಎಂತ ಇದು? ಆಚೆ ತಿರುಗಿ ಕೈಮುಗೀರಿ. ಗಣಪತಿ ಅಲ್ಲಿ ಉಂಟು.”